ಮೇಣದಬತ್ತಿಗೆ ಮರದ ದೀಪಸ್ತಂಭ
ಶಾಲೆಯ ಕೈಗೆಲಸದ ಪಾಠ

(ಓದತಕ್ಕ ಭಾಗಗಳು: ವಿಮೋಚನಕಾಂಡ 25:31-40, 31:1-6, ಮಾರ್ಕ 6:1-6.)

ನಮ್ಮ ಹಳ್ಳಿಗಳ ಪ್ರಾರ್ಥನಾಲಯಗಳಲ್ಲಿ ಈಗ ಹೆಚ್ಚಾಗಿ ವಿದ್ಯುದ್ದೀಪಗಳುಂಟು. ಆದರೂ ಗಾಳಿಮಳೆಗೆ ತಂತಿ ಕಡಿದು ಊರೆಲ್ಲಾ ಕತ್ತಲಾದ ಸಾಯಂಕಾಲಗಳಲ್ಲಿಯೂ, ಕ್ರಿಸ್ತಜಯಂತಿಯ ಹಿಂದಿನ ರಾತ್ರಿಯ ಆರಾಧನೆಯಲ್ಲಿಯೂ ಮೇಣದಬತ್ತಿಯನ್ನು ಬಿಟ್ಟರೆ ನಮಗೆ ಗತಿಯಿಲ್ಲ. ಆ ಬತ್ತಿಯನ್ನು ನಾವು ಯಾವದರ ಮೇಲೆ ನಿಲ್ಲಿಸುತ್ತೇವೆ? ಬೋರಲು ಹಾಕಿದ ಲೋಟದ ಮೇಲೆ, ತೆಂಗಿನ ಚಿಪ್ಪಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಹನಿ ಮೇಣ ತೊಟ್ಟಿಕ್ಕಿಸಿ. ಶಾಲೆಯ ಮೇಲಿನ ತರಗತಿಗಳ ಹುಡುಗರು ಕೆಲವೇ ದಿವಸಗಳ ಕೈಗೆಲಸದ ವೇಳೆಯಲ್ಲಿ ಮಾಡಿ ಮುಗಿಸಬಹುದಾದ ಮರದ ದೀಪಸ್ತಂಭವೊಂದನ್ನು ಈ ಪಾಠದಲ್ಲಿ ವಿವರಿಸುವೆನು. ಶಾಲಾ ಮಾಸ್ತರರೂ ಉಪದೇಶಿಗಳೂ ಇದನ್ನು ಹುಡುಗರಿಗೆ ಓದಿ ಹೇಳಲಿ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ತೆಗೆದುಹಾಕಬೇಕು. ದೇವದರ್ಶನದ ಗುಡಾರದಲ್ಲಿದ್ದ ದೀಪಸ್ತಂಭದ ಕೊಂಬೆಗಳ ಮೇಲೆ ಚಿತ್ರಕಾರರು ಕೆಲವು ಸಾರಿ ಮೇಣದಬತ್ತಿಗಳನ್ನು ಬರೆದಿದ್ದಾರೆ. ಅದು ಸರಿಯಲ್ಲ. ಅದರ ಮೇಲೆ ಏಳು ಹಣತೆಗಳಿದ್ದವು. ಅವು ಎಣ್ಣೇಮರದ ಕಾಯಿಗಳ ಎಣ್ಣೆಯಿಂದ ಉರಿಯುತ್ತಿದ್ದವು. ಅದು ಚೊಕ್ಕ ಬಂಗಾರದ್ದು, ನಮ್ಮದು ಹಲಸಿನ ಮರದ್ದು. ಆದರೆ ಅದನ್ನು ಮಾಡುವದಕ್ಕೆ ನೇಮಕವಾದ ಬೆಚಲೇಲನ ವಿಷಯದಲ್ಲಿ ವೇದವು ಹೇಳುವದನ್ನು ಗಮನಿಸಿರಿ. ದೇವರು ಆತ್ಮವನ್ನು ಅನುಗ್ರಹಿಸಿ ಅವನಿಗೆ ಕೊಟ್ಟ ಜ್ಞಾನವಿವೇಕಗಳು ಚಿನ್ನಬೆಳ್ಳಿಯ ಕೆಲಸಕ್ಕೆ ಮಾತ್ರವಲ್ಲ, ಮರವನ್ನು ಕೆತ್ತುವ ಕೆಲಸಕ್ಕೂ ಸಂಬಂಧಪಟ್ಟಿದ್ದವು.

ಇದನ್ನು ಯಾಕೆ ಹೇಳುತ್ತೇನಂದರೆ, ನಮ್ಮ ಸಭೆಗಳ ಕೆಲವು ತಂದೆತಾಯಿಗಳು, ‘ನಮ್ಮ ಮಗನನ್ನು ಅಕ್ಷರಕ್ಕೆ ಕಳುಹಿಸಿದೆವು, ಉಳಿ ಹಿಡಿಯುವದಕ್ಕಲ್ಲ’ ಎಂದು ಕೈಗೆಲಸದ ವೇಳೆಗೆ ಬೇಸರಪಡುತ್ತಾರೆ. ಅವರ ದುಃಖ ನನಗೆ ತಿಳಿಯದ್ದಲ್ಲ. ತಲೆತಲಾಂತರದಿಂದ ಕೈಗೆಲಸಕ್ಕಾಗಿಯೇ ಹೀನೈಸಲ್ಪಟ್ಟವರು ಮಕ್ಕಳಿಗೆ ಬೇರೆ ಬಾಳನ್ನು ಬಯಸುವದು ಸಹಜ. ಆದರೆ ನಜರೇತಿನವರು ನಮ್ಮ ಕರ್ತನನ್ನು ಬಡಗಿಯೆಂದು ಅಂದಾಗಲೂ ಹೀನೈಸಿಯೇ ಅಂದರಲ್ಲವೇ? ನಮ್ಮ ನಾಡಿನ ಹಿರಿಯರ ಚರಿತ್ರೆಯೂ ಇದಕ್ಕೆ ಸೇರಿದ್ದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ, ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಮನೆಯನ್ನೂ ಜೀವನೋಪಾಯವನ್ನೂ ಕಳಕೊಂಡರು. ಇಂಥವರಿಗೆ ಕೆಲಸ ದೊರಕಲೆಂದು ನೇಯ್ಗೆ ಮುಂತಾದ ಕೈಗಾರಿಕೆಗಳು ಹುಟ್ಟಿದವು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯು ಪ್ರಾರಂಭವಾಯಿತು. ದೂರದ ಫಿನ್ಲೆಂಡ್ ದೇಶದಲ್ಲಿ ಎಲ್ಲಾ ಜನರ ಮಕ್ಕಳಿಗಾಗಿರುವ ಶಾಲೆಗಳೊಳಗೆ ಕೈಗೆಲಸವನ್ನು ಪಾಠವಾಗಿ ತಂದವನು ಊನೋ ಸಿಗ್ನೇಯುಸ್ ಎಂಬ ಲೂಥೆರನ್ ಪಾಲಕನು. ಅಲ್ಲಿ 1866ರ ಶಾಲಾ ಕಟ್ಟಳೆಯಲ್ಲಿಯೇ ಅದು ಸೇರಿತು. ಬಡಗಿಗಳನ್ನು ಹುಟ್ಟಿಸುವದು ಅವನ ಉದ್ದೇಶವಲ್ಲ. ಕಣ್ಣೂ ಕೈಯೂ ಮನಸ್ಸೂ ಕೂಡಿ ಬೆಳೆಯಬೇಕೆಂಬದೇ ಅವನ ಅಭಿಪ್ರಾಯ.

ಇನ್ನು ಕೆಲಸಕ್ಕೆ ಬರೋಣ. ಮರವು ಹಲಸು, ತೇಗ, ಬೇವು ಯಾವದಾದರೂ ಆಗಬಹುದು, ಚೆನ್ನಾಗಿ ಒಣಗಿರಬೇಕು. ಹಸಿಮರವು ಒಣಗುವಾಗ ಎಳೆಯ ಉದ್ದಕ್ಕೆ ಬಹು ಸ್ವಲ್ಪವಾಗಿಯೂ ಅಡ್ಡಕ್ಕೆ ಹೆಚ್ಚಾಗಿಯೂ ಕುಗ್ಗುವದರಿಂದ, ಈ ಹೊತ್ತು ದುಂಡಗಿರುವ ತೂತು ಬರುವ ತಿಂಗಳು ಮೊಟ್ಟೆಯಾಕಾರವಾಗುವದು, ಹಲಗೆಯೂ ಸೊಟ್ಟಗಾಗುವದು. ಬೇಕಾದವು ಎರಡೇ ತುಂಡುಗಳು: 5 ಅಂಗುಲ ಚೌಕ, 1 ಅಂಗುಲ ದಪ್ಪದ ಅಡಿಹಲಗೆ, 2 ಅಂಗುಲ ಚೌಕ, 3½ ಅಂಗುಲ ಎತ್ತರದ ಕಂಬ.

ಹಲಗೆಯ ಒಂದು ಅಗಲವಾದ ಮುಖವನ್ನು ಮೊದಲು ಕೀಸುಳಿಯಿಂದ ಸಮ ಮಾಡಬೇಕು. ಮೂಲೆಯಿಂದ ಮೂಲೆಗೆ ನೆಟ್ಟಗಿನ ಪಟ್ಟಿಯನ್ನಿಟ್ಟು ಬೆಳಕಿಗೆ ಹಿಡಿಯಿರಿ. ಪಟ್ಟಿಯ ಕೆಳಗೆ ಬೆಳಕು ನುಸುಳಿದರೆ ಆ ಮುಖ ಇನ್ನೂ ಸಮವಾಗಿಲ್ಲ. ಆಮೇಲೆ ಒಂದು ಅಂಚನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕೀಸಿ, ಬೇರೆ ಎಲ್ಲಾ ಅಳತೆಗಳನ್ನು ಈ ಎರಡರಿಂದಲೇ ಹಿಡಿಯತಕ್ಕದ್ದು. ಗೆರೆಯ ಹೊರಗೆ ಗರಗಸವನ್ನು ನಡಿಸಿರಿ, ಗೆರೆಯ ಮೇಲೆ ಅಲ್ಲ. ಎಳೆ ಕಡಿದಿರುವ ತುದಿಗಳನ್ನು ಕೀಸುವಾಗ ಒಂದು ಕಡೆಯಿಂದ ಮತ್ತೊಂದು ಕಡೆಗೆ ಪೂರಾ ನೂಕಿದರೆ ಕೊನೆಯ ಮೂಲೆ ಸೀಳಿ ಹೋಗುವದು. ಎರಡು ಕಡೆಗಳಿಂದಲೂ ನಡುವಿನ ತನಕ ಕೀಸುವದೇ ಕ್ರಮ. ಹುಡುಗರು ಇದನ್ನು ಕೇಳಿ ತಲೆಯಾಡಿಸುತ್ತಾರೆ, ಒಂದು ಮೂಲೆ ಹಾರಿದ ಮೇಲೆಯೇ ನಂಬುತ್ತಾರೆ.

ಬತ್ತಿಯ ದಪ್ಪವನ್ನು ಅಳೆಯುವದರಲ್ಲಿ ಲೆಕ್ಕದ ಪಾಠವೂ ಉಂಟು. ಕಾಗದದ ಪಟ್ಟಿಯನ್ನು ಬತ್ತಿಗೆ ಒಂದು ಸುತ್ತು ಸುತ್ತಿ ಗುರುತು ಹಾಕಿರಿ. ಆ ಉದ್ದವು 2¾ ಅಂಗುಲವಾದರೆ, ಅದನ್ನು 22/7ರಿಂದ ಭಾಗಿಸಲಾಗಿ ಬತ್ತಿಯ ಅಡ್ಡಳತೆ 7/8 ಅಂಗುಲವೆಂದು ಬರುವದು. ಅದಕ್ಕೆ 1 ಅಂಗುಲದ ತೂತು ತಕ್ಕದ್ದು. ಉಳಿದ ಎಡೆಯು ತಗಡಿಗಾಗಿ. ಕಂಬದ ತಲೆಯ ಮೇಲೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ಅವು ಕೂಡುವಲ್ಲಿ ನಡುವು ಸಿಕ್ಕುವದು. ಕಂಬವು ಇನ್ನೂ ಚೌಕವಾಗಿರುವಾಗಲೇ ತೂತು ಕೊರೆಯಬೇಕು. ಅಂಚುಗಳನ್ನು ಕೆತ್ತಿ ಅಂದ ಮಾಡಿದ ಮೇಲೆ ಅದನ್ನು ಬಿಗಿಯಾಗಿ ಹಿಡಿಯುವದು ಕಷ್ಟ. ಒಬ್ಬನು ಬೈರಿಗೆಯನ್ನು ತಿರುಗಿಸುವಾಗ ಒಬ್ಬನು ಎದುರಿನಿಂದಲೂ ಇನ್ನೊಬ್ಬನು ಪಕ್ಕದಿಂದಲೂ ಅದು ವಾಲುತ್ತದೋ ಎಂದು ನೋಡಲಿ. ಆಳ 1 ಅಂಗುಲ ಸಾಕು.

ಕಂಬವನ್ನು ಅಡಿಹಲಗೆಗೆ ಅಂಟಿನಿಂದಲೂ, ಕೆಳಗಿನಿಂದ ಹಾಕಿದ 2 ಅಂಗುಲದ ಎರಡು ತಿರುಪುಮೊಳೆಗಳಿಂದಲೂ ಸೇರಿಸತಕ್ಕದ್ದು. ಒಂದೇ ಮೊಳೆಯಾದರೆ ಕಂಬವು ಕ್ರಮೇಣ ತಿರುಗುವದು. ಕಂಬದ ಬುಡದಲ್ಲಿ ಕಡಿದ ಎಳೆಗಳು ಅಂಟನ್ನು ಕುಡಿದುಬಿಡುವದರಿಂದ, ಮೊದಲು ತೆಳ್ಳಗೆ ಬಳಿದು ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಬಳಿಯಿರಿ. ಮೊಳೆಯ ತಲೆಗಳು ಹಲಗೆಯೊಳಗೆ ಅಡಗಿರಬೇಕು. ಹಲಗೆಯ ಅಡಿಯ ನಡುಭಾಗವನ್ನು ಉಳಿಯಿಂದ ತುಸು ತಗ್ಗು ಮಾಡಿದರೆ, ಸುತ್ತಲಿನ ಅಂಚಿನ ಮೇಲೆ ಸ್ತಂಭವು ಭದ್ರವಾಗಿ ಕೂತುಕೊಳ್ಳುವದು. ಸಮವಾದ ಕಲ್ಲಿನ ಮೇಲಿಟ್ಟು ಎದುರುಬದುರಿನ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿರಿ. ಟಕ್ಕೆಂದು ಸದ್ದು ಬಂದರೆ ಕೆಲಸ ಮುಗಿದಿಲ್ಲ.

ಈ ಸದ್ದಿನ ವಿಷಯದಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಮಾಡಿದ ದೀಪಸ್ತಂಭವು ಹೀಗೆಯೇ ಸದ್ದು ಮಾಡುತ್ತಿತ್ತು. ಹಬ್ಬ ಹತ್ತಿರ ಬಂದಿತ್ತು, ಜೊತೆಯ ಹುಡುಗರ ಕೆಲಸ ಮುಗಿದಿತ್ತು. ನಾನು ಒಂದು ಕಾಗದವನ್ನು ಮಡಚಿ ಕುಂಟುವ ಮೂಲೆಯ ಅಡಿಗೆ ಅಂಟಿಸಿ, ಕಾಣದ ಹಾಗೆ ಮಸಿ ಬಳಿದೆನು. ತಗಡು ಹಾಕಿದರೆ ಅಂದಗೆಡುವದೆಂದು ಅದನ್ನೂ ಬಿಟ್ಟೆನು. ಮೇಲಿನಿಂದ ನೋಡಿದವರೆಲ್ಲರೂ ಹೊಗಳಿದರು. ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಅದನ್ನೇ ಗೋದಲಿಯ ಪಕ್ಕದಲ್ಲಿಟ್ಟರು. ಆ ಸಾಯಂಕಾಲ ನೆಲ ತೊಳೆದಿದ್ದರು. ಆರಾಧನೆ ದೀರ್ಘವಾಯಿತು. ಬತ್ತಿ ಉರಿದು ಮರಕ್ಕೆ ಇಳಿದಾಗ ಕಂಬದ ಬಾಯಿಯೇ ಹೊತ್ತಿಕೊಂಡಿತು. ಪಕ್ಕದಲ್ಲಿದ್ದವನೊಬ್ಬನು ಊದಿ ಆರಿಸಲು ಗಾಬರಿಯಿಂದ ಕೈ ಚಾಚಿದನು. ನೀರಿಗೆ ಮೆತ್ತಗಾಗಿದ್ದ ಕಾಗದ ಕುಸಿದು ಸ್ತಂಭವು ಗೋದಲಿಯ ಒಣಹುಲ್ಲಿನ ಮೇಲೆ ಬಿತ್ತು. ಮುಂದೆ ಕೂತಿದ್ದವರು ಸಣ್ಣ ಮಕ್ಕಳು. ಸಭೆಯ ಹಿರಿಯರೊಬ್ಬರು ಉರಿಯುವ ಹುಲ್ಲನ್ನು ಎರಡೂ ಕೈಗಳಿಂದ ಬಾಚಿ ಹೊರಗೆ ಎಸೆದರು. ಒಂದು ಮಗುವಿನ ಲಂಗದ ಅಂಚು ಕರಿದಾಯಿತು, ಹಿರಿಯರ ಅಂಗೈಗಳು ಬೊಬ್ಬೆಯೆದ್ದವು. ದೇವರ ಕೃಪೆಯಿಂದ ಅಷ್ಟಕ್ಕೇ ನಿಂತಿತು.

ಎಲ್ಲರೂ ಕೈ ಚಾಚಿದವನನ್ನೇ ಬೈದರು. ನಾನು ಎರಡು ದಿವಸ ಸುಮ್ಮನಿದ್ದೆನು. ಮೂರನೆಯ ದಿವಸ ಹಿರಿಯರ ಮನೆಗೆ ಹೋದಾಗ ಅವರು ಬಟ್ಟೆ ಸುತ್ತಿದ ಕೈಯಿಂದ ಸ್ತಂಭವನ್ನು ತಲೆಕೆಳಗು ಮಾಡಿ ನನ್ನ ಮುಂದೆ ಇಟ್ಟರು. ಕಾಗದದ ತುಂಡು ಅಲ್ಲಿಯೇ ಅಂಟಿಕೊಂಡಿತ್ತು. “ಮಗನೇ, ನೀನು ಬರುತ್ತೀಯೆಂದು ನಾನು ಯಾರಿಗೂ ಹೇಳಲಿಲ್ಲ” ಎಂದರು. ಬೈಸಿಕೊಂಡವನ ಮನೆಗೆ ನನ್ನನ್ನು ಕರಕೊಂಡು ಹೋದವರೂ ಅವರೇ. ಆ ಅಡಿಹಲಗೆ ಈಗಲೂ ನನ್ನ ಬಳಿಯಲ್ಲಿದೆ. ಈ ಪಾಠ ಕಲಿಸುವಾಗ ಅದನ್ನು ಮೊದಲು ಹುಡುಗರ ಕೈಗೆ ಕೊಡುತ್ತೇನೆ.

ಆದದರಿಂದ ತಗಡಿನ ವಿಷಯದಲ್ಲಿ ಸಡಿಲು ಬೇಡ. ಬತ್ತಿಯಲ್ಲಿ ಗಟ್ಟಿ ಮೇಣವು ಹಾಗೆಯೇ ಉರಿಯುವದಿಲ್ಲ. ಕರಗಿ, ದಾರದಲ್ಲಿ ಏರಿ, ಆವಿಯಾಗಿ ಉರಿಯುತ್ತದೆ. ಬತ್ತಿ ಗಿಡ್ಡವಾದಾಗ ಉಳಿದ ಮೇಣವೆಲ್ಲಾ ಒಮ್ಮೆಗೇ ಕರಗಿ, ದಾರವು ಅಡ್ಡಬಿದ್ದು ಮರಕ್ಕೆ ತಾಗುವದು. ಹಳೆಯ ಡಬ್ಬಿಯ ತಗಡಿನಿಂದ ತೂತಿನ ತಳಕ್ಕೆ ಒಂದು ಬಿಲ್ಲೆಯನ್ನೂ ಒಳಸುತ್ತಿಗೆ ಒಂದು ಪಟ್ಟಿಯನ್ನೂ ಹಾಕಿ, ಕಂಬದ ತಲೆಗೆ 3½ ಅಂಗುಲದ ತಟ್ಟೆಯನ್ನು, ನಡುವೆ ತೂತು ಮಾಡಿ ಅಂಚು ಎತ್ತಿ, ಸಣ್ಣ ಮೊಳೆಗಳಿಂದ ಬಡಿಯಿರಿ. ತಗಡನ್ನು ಮಾಸ್ತರರೇ ಕತ್ತರಿಸಲಿ. ಅದರ ಅಂಚು ಕತ್ತಿಯಂತಿರುವದು. ಇಷ್ಟಾದರೂ ಬತ್ತಿ 2 ಅಂಗುಲ ಉಳಿದಾಗ ಆರಿಸಿಬಿಡತಕ್ಕದ್ದು. ಹುಲ್ಲು, ಪರದೆ, ಕಾಗದದ ತೋರಣಗಳ ಹತ್ತಿರ ಇಡಲೇಬಾರದು.

ಕಡೆಗೆ ಮರಳುಕಾಗದದಿಂದ ಎಳೆಯ ದಿಕ್ಕಿಗೇ ಉಜ್ಜಿ, ಅಗಸೆ ಎಣ್ಣೆಯನ್ನು ತೆಳ್ಳಗೆ ಸವರಿರಿ. ಎಣ್ಣೆ ಒರಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿರಿ. ಅಗಸೆ ಎಣ್ಣೆಯು ಒಣಗುವಾಗ ಕಾವು ಹುಟ್ಟಿಸುವದು. ಮುದ್ದೆಯೊಳಗೆ ಆ ಕಾವು ಕೂಡಿ ಚಿಂದಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನಸಿರಿ, ಇಲ್ಲವೆ ಬೈಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಿರಿ. ಕೆಲವು ದಿವಸ ಕಳೆದು ಎಣ್ಣೆ ಪೂರಾ ಒಣಗುವ ತನಕ ಸ್ತಂಭದಲ್ಲಿ ಬತ್ತಿ ಹಚ್ಚಬಾರದು.

ಸಭೆಗೆ ಒಪ್ಪಿಸುವ ಮುಂಚೆ ಹುಡುಗನು ಅಡಿಹಲಗೆಯ ಕೆಳಗೆ ತನ್ನ ಹೆಸರನ್ನೂ ತಾರೀಕನ್ನೂ ಸೀಸದ ಕಡ್ಡಿಯಿಂದ ಬರೆಯಲಿ. ಮೊಳೆ ಸಡಿಲಾದರೆ ಯಾರನ್ನು ಕರೆಯಬೇಕೆಂದು ಹಿರಿಯರಿಗೆ ತಿಳಿದಿರುವದು.