ಸರ್ಕ್ಯೂಟ್ ಲೆಕ್ಕ: ಮೊದಲು ಚಿತ್ರ, ಆಮೇಲೆ ಸೂತ್ರ

ನಂಜನಗೂಡು, ತಿ. ನರಸೀಪುರದ ಪಿಯುಸಿ ಮಕ್ಕಳೇ, ಸರ್ಕ್ಯೂಟ್ ಲೆಕ್ಕ ಕಂಡ ಕೂಡಲೇ ಸೂತ್ರ ಹುಡುಕಲು ಹೋಗಬೇಡಿ. ಪೆನ್ಸಿಲ್ ಹಿಡಿದು ಚಿತ್ರವನ್ನು ನಿಮ್ಮ ಕೈಯಾರೆ ಇನ್ನೊಮ್ಮೆ ಬರೆಯಿರಿ. ಪ್ರಶ್ನೆಪತ್ರಿಕೆಯಲ್ಲಿ ಓರೆಕೋರೆಯಾಗಿ ಹೆದರಿಸುವ ಎಷ್ಟೋ ರೋಧಕಗಳು ನೇರ ಗೆರೆಯಲ್ಲಿ ಬರೆದಾಗ ಬರೀ ಸಮಾಂತರ ಜೋಡಣೆ ಎಂದು ಗೊತ್ತಾಗುತ್ತದೆ.

ಒಂದನ್ನು ಮಾಡಿಯೇ ನೋಡೋಣ. 12 ವೋಲ್ಟ್ ಬ್ಯಾಟರಿ; 2 ಓಮ್ ರೋಧಕ, ಅದರೊಡನೆ ಸರಣಿಯಲ್ಲಿ 6 ಮತ್ತು 3 ಓಮ್‌ಗಳ ಸಮಾಂತರ ಜೋಡಿ. ಜೋಡಿಯ ರೋಧ 2 ಓಮ್, ಒಟ್ಟು 4; ಹಾಗಾಗಿ ಪ್ರವಾಹ 3 ಆಂಪಿಯರ್. ಇಲ್ಲಿಗೇ ನಿಲ್ಲಿಸಬೇಡಿ. ಜೋಡಿಗೆ ಸಿಗುವುದು 6 ವೋಲ್ಟ್. ಆದ್ದರಿಂದ 6 ಓಮ್‌ನಲ್ಲಿ 1 ಆಂಪಿಯರ್, 3 ಓಮ್‌ನಲ್ಲಿ 2. ಕೂಡಿದರೆ 3. ಲೆಕ್ಕ ತಾಳೆಯಾಯಿತು.

ಈ ತಾಳೆಯೇ 1845ರಲ್ಲಿ ಕಿರ್ಚಾಫ್ ಹೇಳಿದ ಸಂಧಿ ನಿಯಮ. ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳಲ್ಲ, ಆ ಸಂಗಮಕ್ಕೆ ಎರಡು ಕಡೆಯಿಂದ ಬಂದಷ್ಟು ನೀರೇ ಮುಂದಕ್ಕೆ ಹರಿಯಬೇಕು; ಸಂಧಿಗೆ ಬಂದಷ್ಟು ಪ್ರವಾಹವೂ ಹಾಗೆಯೇ.

ಕಿರ್ಚಾಫ್‌ನ ಇನ್ನೊಂದು ನಿಯಮವಾದ ಲೂಪ್ ನಿಯಮ ಹಾಕುವಾಗ ಪ್ರವಾಹದ ದಿಕ್ಕನ್ನು ಧೈರ್ಯವಾಗಿ ಊಹಿಸಿ, ಬಾಣ ಗುರುತು ಹಾಕಿ. ಉತ್ತರ ಋಣವಾಗಿ ಬಂದರೆ ಗಾಬರಿ ಬೇಡ. ಪ್ರವಾಹ ಬಾಣಕ್ಕೆ ಎದುರಾಗಿ ಹರಿಯುತ್ತಿದೆ ಎಂದಷ್ಟೇ ಅರ್ಥ. ಲೆಕ್ಕದ ನಡುವೆ ಮಾತ್ರ ಬಾಣವನ್ನು ತಿರುಗಿಸಬೇಡಿ, ಅಂಕ ಕೈತಪ್ಪುವುದು ಅಲ್ಲೇ.