ಮೆಣಸಿನಕಾಯಿಯ ಹೆಸರಿನ ಕಥೆ



ಬೇಸಿಗೆ ಬಂದಿತೆಂದರೆ ಸಾಂಗಲಿ, ಮಿರಜಗಳ ಮನೆಗಳಲ್ಲಿ ವರ್ಷದ ಖಾರದಪುಡಿಯ ಸಿದ್ಧತೆ ನಡೆಯುತ್ತದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಲವಂಗಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಆ ಸುಕ್ಕುಗಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಆದರೆ ಮೆಣಸಿನಕಾಯಿಯ ತವರು ನಮ್ಮ ನಾಡಲ್ಲ, ಅಮೆರಿಕ ಖಂಡ. 16ನೆಯ ಶತಮಾನದಲ್ಲಿ ಪೋರ್ಚುಗೀಜರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಅದಕ್ಕೂ ಮೊದಲು ಅಡುಗೆಗೆ ಖಾರ ಕೊಡುತ್ತಿದ್ದುದು ಕರಿಮೆಣಸು. ಹಿರಿಯರು ಹೊಸ ಕಾಯಿಗೆ ಆ ಹಳೆಯ ಹೆಸರನ್ನೇ ಕೊಟ್ಟರು: ಮೆಣಸಿನಂತೆ ಖಾರವಾದ ಕಾಯಿ, ಮೆಣಸಿನಕಾಯಿ. ಮರಾಠಿಯ ‘ಮಿರಚಿ’ಯೂ ಹಾಗೆಯೇ, ಅದರ ಮೂಲವಾದ ಸಂಸ್ಕೃತದ ‘ಮರೀಚ’ವೆಂದರೆ ಕರಿಮೆಣಸು.

ಮನೆಯಲ್ಲಿ ಮೆಣಸಿನಕಾಯಿ, ಪೇಟೆಯಲ್ಲಿ ಮಿರಚಿ ಎನ್ನುವ ನೀವು ಎರಡು ನುಡಿಗಳಲ್ಲಿ ಒಂದೇ ನೆನಪನ್ನು ಹೇಳುತ್ತೀರಿ. ಹೊರಗಿನಿಂದ ಬಂದುದನ್ನು ನಮ್ಮವರು ತಮ್ಮ ಮಾತಿನಿಂದ ಕರೆದು ತಮ್ಮದಾಗಿಸಿಕೊಂಡರು. ಆ ಮಾತು ಮರೆತರೆ ಕಥೆಯೂ ಮರೆಯುತ್ತದೆ. ಈ ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಖಾರ, ಚಟ್ನಿ, ರಂಜಕಗಳ ಮಾತುಗಳನ್ನು ಕೇಳಿ ಬರೆದುಕೊಳ್ಳಿರಿ. ಅವುಗಳಲ್ಲಿ ಎಷ್ಟೋ ನಿಮ್ಮ ಪಠ್ಯಪುಸ್ತಕದಲ್ಲಿಲ್ಲ.