ಗಾಳದ ಕೋಲು ಮತ್ತು ರೀಲು: ನೀರಿಗೆ ತಕ್ಕಂತೆ, ಖರ್ಚಿಗೆ ತಕ್ಕಂತೆ

ಬೆಂಗಳೂರಿನ ಪಶ್ಚಿಮಕ್ಕೆ ಕೆಂಗೇರಿಯಿಂದಾಚೆ ರಾಮೋಹಳ್ಳಿ, ತಾವರೆಕೆರೆ, ಮಾಗಡಿಯ ಕಡೆಗೆ ಪಾಲಿಥೀನ್ ಹಾಳೆ ಹೊದಿಸಿದ ಕೃಷಿಹೊಂಡಗಳು ಕಂಡುಬರುತ್ತವೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಳೆಯಾಶ್ರಿತ ಪ್ರದೇಶಗಳಲ್ಲಿ ಇಂತಹ ಹೊಂಡಗಳು ಹೆಚ್ಚಿದವು. ಬೆಳೆಗೆ ನೀರು ಕೊಡುವುದರ ಜೊತೆಗೆ ಅನೇಕ ರೈತರು ಇವುಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳನ್ನೂ ಬಿಡುತ್ತಾರೆ. ಮನೆಯ ಅಡಿಗೆಗೆ ಒಂದೆರಡು ಮೀನು ಬೇಕಾದಾಗ, ಅಥವಾ ಮೀನು ಆರೋಗ್ಯವಾಗಿದೆಯೇ ಎಂದು ನೋಡಬೇಕಾದಾಗ ಪ್ರತಿಸಲವೂ ಬಲೆ ಎಳೆಯುವುದು ಕಷ್ಟ. ಇಂತಹ ಸಂದರ್ಭದಲ್ಲಿ ಗಾಳ ಉಪಯುಕ್ತ ಸಾಧನ. ಆದರೆ ಪೇಟೆಯ ಅಂಗಡಿಯಲ್ಲಿ ತೂಗುಹಾಕಿರುವ ಬಣ್ಣಬಣ್ಣದ ಕೋಲು, ರೀಲುಗಳ ಮುಂದೆ ನಿಂತಾಗ ಯಾವುದನ್ನು ಕೊಳ್ಳಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಈ ಬಗ್ಗೆ ಕೆಲವು ಉಪಯುಕ್ತ ಮಾಹಿತಿಗಳನ್ನು ಇಲ್ಲಿ ಕೊಡಲಾಗಿದೆ.

ಮೊದಲು ನೀರನ್ನು ಅಳೆಯಿರಿ

ಮಣ್ಣು ನೋಡಿ ನೇಗಿಲು ಕೊಳ್ಳುವಂತೆ ನೀರು ನೋಡಿ ಕೋಲು ಕೊಳ್ಳಬೇಕು. ರೀಲು ಮಾಡುವ ಕೆಲಸ ಮುಖ್ಯವಾಗಿ ಎರಡು. ಒಂದು, ಗಾಳವನ್ನು ದೂರಕ್ಕೆ ಎಸೆಯಲು ಬೇಕಾದಷ್ಟು ದಾರವನ್ನು ಸುತ್ತಿಟ್ಟುಕೊಳ್ಳುವುದು. ಎರಡು, ದೊಡ್ಡ ಮೀನು ಜಗ್ಗಿದಾಗ ದಾರ ತುಂಡಾಗದಂತೆ ಅಳತೆಯಲ್ಲಿ ಬಿಟ್ಟುಕೊಡುವುದು. ಇವೆರಡೂ ಅಗತ್ಯವಿಲ್ಲದ ಕಡೆ ರೀಲಿಗೆ ಹಾಕಿದ ಹಣ ವ್ಯರ್ಥ.

ಉದಾಹರಣೆಗೆ 12 ಮೀಟರ್ ಉದ್ದ, 12 ಮೀಟರ್ ಅಗಲದ ಹೊಂಡವನ್ನು ತೆಗೆದುಕೊಳ್ಳೋಣ. 12 ಅಡಿಯ ಬಿದಿರಿನ ಕೋಲು ಸುಮಾರು 3.6 ಮೀಟರ್. ಅದರ ತುದಿಗೆ ಅಷ್ಟೇ ಉದ್ದದ ದಾರ ಕಟ್ಟಿದರೆ ಗಾಳವು ದಡದಿಂದ ಸುಮಾರು 7 ಮೀಟರ್ ದೂರದವರೆಗೆ ತಲುಪುತ್ತದೆ. ಹೊಂಡದ ನಡುಮಧ್ಯ ಇರುವುದು 6 ಮೀಟರ್ ದೂರದಲ್ಲಿ. ಅಂದರೆ ಈ ಹೊಂಡದಲ್ಲಿ ಗಾಳ ತಲುಪದ ಜಾಗವೇ ಇಲ್ಲ. 21 ಮೀಟರ್ ಚದರದ ದೊಡ್ಡ ಹೊಂಡದಲ್ಲಿಯೂ ನಾಲ್ಕು ದಡಗಳಿಂದ ಗಾಳ ಹಾಕಿದರೆ ನಡುವಿನ ಸುಮಾರು 7 ಮೀಟರ್ ಚೌಕ ಮಾತ್ರ ಉಳಿಯುತ್ತದೆ. ಪ್ರತಿದಿನ ಒಂದೇ ವೇಳೆಗೆ ಒಂದೇ ಜಾಗದಲ್ಲಿ ತೌಡು ಮತ್ತು ಕಡಲೆಕಾಯಿ ಹಿಂಡಿ ಹಾಕುವ ರೂಢಿ ಇಟ್ಟುಕೊಂಡರೆ ಮೀನು ತಾನೇ ದಡಕ್ಕೆ ಬರುತ್ತದೆ. ಮೇವಿನ ಶಿಸ್ತು ಇದ್ದಲ್ಲಿ ಉದ್ದದ ಕೋಲು, ದೂರ ಎಸೆಯುವ ರೀಲು ಬೇಕಾಗುವುದಿಲ್ಲ.

ಹೊಂಡದ ಆದಾಯ, ಕೋಲಿನ ಖರ್ಚು

ಮಿಶ್ರ ಮೀನು ಸಾಕಣೆಯಲ್ಲಿ ಹೆಕ್ಟೇರಿಗೆ 5,000 ಮರಿಗಳ ಲೆಕ್ಕದಂತೆ 144 ಚದರ ಮೀಟರ್ ಹೊಂಡಕ್ಕೆ 72 ಮರಿಗಳು ಬೇಕಾಗುತ್ತವೆ. ಇವುಗಳಲ್ಲಿ 50 ಉಳಿದು ತಲಾ ಮುಕ್ಕಾಲು ಕಿಲೋ ತೂಗಿದರೆ ಒಟ್ಟು 37.5 ಕಿಲೋ ಮೀನು. ಕಿಲೋಗೆ 150 ರೂಪಾಯಿ ಎಂದಿಟ್ಟುಕೊಂಡರೆ 5,625 ರೂಪಾಯಿ. ಮರಿ ಮತ್ತು ಮೇವಿನ ಖರ್ಚನ್ನು ಇದರಲ್ಲಿ ಇನ್ನೂ ಕಳೆದಿಲ್ಲ. ಇಂತಹ ಹೊಂಡಕ್ಕೆ 3,000 ರೂಪಾಯಿಯ ಕೋಲು, ರೀಲು ಕೊಂಡರೆ 20 ಕಿಲೋ ಮೀನಿನ ಬೆಲೆ, ಅಂದರೆ ಅರ್ಧಕ್ಕಿಂತ ಹೆಚ್ಚು ಉತ್ಪನ್ನ ಅದಕ್ಕೇ ಹೋಯಿತು. ಪ್ರತಿಯೊಬ್ಬ ರೈತರೂ ತಮ್ಮ ಹೊಂಡದ ಅಳತೆ, ತಮ್ಮ ಊರಿನ ಬೆಲೆ ಹಾಕಿಕೊಂಡು ಈ ಲೆಕ್ಕವನ್ನು ಒಮ್ಮೆ ಮಾಡಿಯೇ ಅಂಗಡಿಗೆ ಹೋಗುವುದು ಒಳ್ಳೆಯದು.

ಖರ್ಚಿಗೆ ತಕ್ಕ ಆಯ್ಕೆ

1. ಸಾವಿರ ರೂಪಾಯಿಯೊಳಗೆ: ಸ್ವಂತ ಹೊಂಡದಲ್ಲಿ ಮಾತ್ರ ಗಾಳ ಹಾಕುವವರು ರೀಲಿನ ಗೊಡವೆಗೆ ಹೋಗಬಾರದು. ಒಳಗೆ ಟೊಳ್ಳು ಕಡಿಮೆ ಇರುವ, ಬಲಿತ ಬಿದಿರಿನ ಕೋಲನ್ನು ಆರಿಸಿ ನೆರಳಿನಲ್ಲಿ ಕೆಲವು ವಾರ ಒಣಗಿಸಬೇಕು. ಎಳೆಯ ಬಿದಿರು ಬೇಗ ಬಾಗಿ, ಕುಟ್ಟೆ ಹಿಡಿಯುತ್ತದೆ. ದಾರವನ್ನು ತುದಿಗೆ ಮಾತ್ರ ಕಟ್ಟದೆ, ಕೋಲಿನ ಉದ್ದಕ್ಕೂ ಎರಡು ಮೂರು ಕಡೆ ಬಿಗಿದು ಹಿಡಿಯವರೆಗೆ ತರಬೇಕು. ತುದಿ ಮುರಿದರೂ ಮೀನು ಕೈತಪ್ಪುವುದಿಲ್ಲ. ಬಿದಿರು ಬೇಡವೆನ್ನುವವರು ಒಂದರೊಳಗೊಂದು ಸೇರುವ ಗಾಜಿನ ನಾರಿನ ಕೋಲನ್ನು ಕೊಳ್ಳಬಹುದು. ಕೀಲುಗಳಲ್ಲಿ ಮರಳು ಸೇರಿದರೆ ಅದು ಸವೆದು ಸಡಿಲವಾಗುತ್ತದೆ. ಆದ್ದರಿಂದ ಪ್ರತಿಸಲ ಒರೆಸಿ ಮಡಿಸಬೇಕು. ಉಳಿದ ಹಣವನ್ನು ಒಳ್ಳೆಯ ದಾರಕ್ಕೆ ಮತ್ತು ಗಾಳದ ಕೊಕ್ಕೆಗೆ ಹಾಕಬೇಕು.

2. ಸಾವಿರದಿಂದ ಮೂರು ಸಾವಿರದವರೆಗೆ: ಅನುಮತಿ ಪಡೆದು ದೊಡ್ಡ ಕೆರೆಗಳಲ್ಲಿ ಗಾಳ ಹಾಕುವವರಿಗೆ ರೀಲು ಬೇಕಾಗುತ್ತದೆ. ಇವರಿಗೆ 6ರಿಂದ 7 ಅಡಿ ಉದ್ದದ, ಎರಡು ತುಂಡಿನ ಗಾಜಿನ ನಾರಿನ ಕೋಲು ಸೂಕ್ತ. ಕೋಲಿನ ಮೇಲೆ ಎಸೆಯಬಹುದಾದ ತೂಕವನ್ನು ಮುದ್ರಿಸಿರುತ್ತಾರೆ. 10ರಿಂದ 30 ಗ್ರಾಂ ಎಂದಿದ್ದರೆ ನಮ್ಮ ಗೆಂಡೆ ಮೀನುಗಳಿಗೆ ಸಾಕು. ಸ್ಪಿನ್ನಿಂಗ್ ರೀಲುಗಳಿಗೆ 1000, 2500, 4000 ಎಂಬಂತೆ ಅಳತೆಯ ಸಂಖ್ಯೆ ಇರುತ್ತದೆ. 2500 ಅಥವಾ 3000 ಈ ಕೋಲಿಗೆ ಹೊಂದುತ್ತದೆ. ಇಟ್ಟುಕೊಂಡ ಹಣದಲ್ಲಿ ಅರ್ಧದಷ್ಟನ್ನು ರೀಲಿಗೆ ಮೀಸಲಿಡಬೇಕು. ಸಾಧಾರಣ ಕೋಲಿನಲ್ಲಿ ಒಳ್ಳೆಯ ರೀಲು ಕೆಲಸ ಮಾಡುತ್ತದೆ. ಕೆಟ್ಟ ರೀಲು ಎಂತಹ ಕೋಲನ್ನೂ ಕೆಡಿಸುತ್ತದೆ.

3. ಮೂರು ಸಾವಿರಕ್ಕೆ ಮೇಲ್ಪಟ್ಟು: ಇಂಗಾಲದ ನಾರಿನ ಕೋಲುಗಳು ಹಗುರ; ಮೀನು ಮುಟ್ಟಿದ್ದು ಕೈಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಪೆಟ್ಟು ಬಿದ್ದರೆ ಬೇಗ ಬಿರುಕು ಬಿಡುತ್ತವೆ. ವಾರವಾರವೂ ಗಾಳ ಹಾಕುವವರಿಗೆ ಇವು ಸರಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕುಟುಂಬಗಳನ್ನು ಭಾನುವಾರ ತೋಟಕ್ಕೆ ಕರೆದು, ಶುಲ್ಕ ಪಡೆದು ಗಾಳ ಹಾಕಲು ಬಿಡುವ ಯೋಚನೆ ಇರುವ ರೈತರು ಇದೇ ಹಣದಲ್ಲಿ ಹಲವು ರೀಲಿಲ್ಲದ ಕೋಲುಗಳನ್ನು ಕೊಳ್ಳುವುದು ಲೇಸು. ಹೊಸಬರ ಕೈಯಲ್ಲಿ ಮುರಿದರೂ ನಷ್ಟ ಕಡಿಮೆ.

ಅಂಗಡಿಯಲ್ಲಿ ಕೆಲವರು ಮಹಶೀರ್ ಮೀನಿನ ಕೋಲೆಂದು ಭಾರಿ ಸಾಮಾನನ್ನು ತೋರಿಸಬಹುದು. ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಪ್ರಸಿದ್ಧ. ಆದರೆ ಕಾವೇರಿ ಕಣಿವೆಯ ಆ ಮೀನನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಲಾಗಿದೆ. ಒಂದೆರಡು ಕಿಲೋ ತೂಗುವ ರೋಹು, ಗೆಂಡೆಗಳಿಗೆ ಅಂತಹ ಕೋಲು ಬೇಡ.

ಕೊಳ್ಳುವಾಗ ಪರೀಕ್ಷಿಸುವ ಕ್ರಮ

ರೀಲಿನ ಹಿಡಿಯನ್ನು ನಿಧಾನವಾಗಿ ತಿರುಗಿಸಿ ನೋಡಬೇಕು. ಒಳಗೆ ಗರಗರ ಎನ್ನಬಾರದು, ನಡುವೆ ತಡೆಯಬಾರದು. ಹಿಡಿಯನ್ನು ಪಕ್ಕಕ್ಕೆ ಅಲುಗಿಸಿದರೆ ಹೆಚ್ಚು ಆಡಬಾರದು. ದಾರ ಹಿಡಿಯುವ ತಂತಿಯ ಕಮಾನು ತೆರೆದಾಗ ತೆರೆದೇ ನಿಂತು, ಹಿಡಿ ತಿರುಗಿಸಿದಾಗ ಚಟ್ಟನೆ ಮುಚ್ಚಬೇಕು. ದಾರ ಹಾಯುವ ಸಣ್ಣ ಉರುಳೆ ತಿರುಗುತ್ತಿರಬೇಕು. ಅದು ನಿಂತುಬಿಟ್ಟರೆ ದಾರ ಸವೆಯುತ್ತದೆ. ಬೇರಿಂಗ್‌ಗಳು ಎಷ್ಟಿವೆ ಎಂಬ ಸಂಖ್ಯೆಯನ್ನು ನೋಡಿ ಮರುಳಾಗಬೇಕಾಗಿಲ್ಲ. ನಯವಾಗಿ ತಿರುಗುವುದು ಮುಖ್ಯ.

ಕೋಲಿನ ಉಂಗುರಗಳ ಒಳಗೆ ಸ್ವಲ್ಪ ಹತ್ತಿಯನ್ನು ಆಡಿಸಿ ನೋಡಬೇಕು. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ ಎಂದರ್ಥ. ಅಂತಹ ಉಂಗುರ ಒಂದೇ ದಿನದಲ್ಲಿ ದಾರವನ್ನು ಹಾಳುಮಾಡಬಲ್ಲದು.

ದಾರ ಮತ್ತು ಬಿಗಿತ

0.25ರಿಂದ 0.30 ಮಿ.ಮೀ. ದಪ್ಪದ ನೈಲಾನ್ ದಾರ ನಮ್ಮ ಕೆಲಸಕ್ಕೆ ಸಾಕು. ಸುರುಳಿಯ ಅಂಚಿಗಿಂತ ಸುಮಾರು 2 ಮಿ.ಮೀ. ಕೆಳಗಿರುವಂತೆ ತುಂಬಬೇಕು. ಹೆಚ್ಚಾದರೆ ದಾರ ಸಿಕ್ಕುಸಿಕ್ಕಾಗುತ್ತದೆ, ಕಡಿಮೆಯಾದರೆ ದೂರ ಹೋಗುವುದಿಲ್ಲ. ರೀಲಿನ ಬಿಗಿತದ ತಿರುಪನ್ನು ದಾರದ ಶಕ್ತಿಯ ನಾಲ್ಕನೆಯ ಒಂದು ಭಾಗಕ್ಕೆ ಹೊಂದಿಸುವುದು ವಾಡಿಕೆ. ದಾರ 6 ಕಿಲೋ ತಡೆಯುವಂತಹದಾದರೆ, ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಜಗ್ಗಿದಾಗ ಒಂದೂವರೆ ಕಿಲೋ ತೋರಿಸುವಷ್ಟರಲ್ಲಿ ದಾರ ಬಿಚ್ಚಿಕೊಳ್ಳಬೇಕು. ಬಿಸಿಲಿನಲ್ಲಿ ಬಿಟ್ಟ ನೈಲಾನ್ ಶಕ್ತಿ ಕಳೆದುಕೊಳ್ಳುವುದರಿಂದ ಕೋಲನ್ನು ನೆರಳಿನಲ್ಲಿಡಬೇಕು. ತುಂಡಾದ ದಾರವನ್ನು ದಡದಲ್ಲಿ ಬಿಸಾಡಬಾರದು. ದನಕರುಗಳ ಕಾಲಿಗೆ, ಕೊಕ್ಕರೆಗಳ ರೆಕ್ಕೆಗೆ ಅದು ಸುತ್ತಿಕೊಳ್ಳುತ್ತದೆ.

ಹೊಂಡದ ಹಾಳೆಗೆ ಎಚ್ಚರ

ಕೃಷಿಹೊಂಡದಲ್ಲಿ ಗಾಳ ಹಾಕುವವರು ಮರೆಯಬಾರದ ಸಂಗತಿಯೆಂದರೆ ಪಾಲಿಥೀನ್ ಹಾಳೆ. ಕೊಕ್ಕೆ ತಳಕ್ಕೆ ಸಿಕ್ಕಿ ಜಗ್ಗಿದರೆ ಹಾಳೆ ತೂತಾಗಿ ನೀರು ಸೋರಿಹೋಗುತ್ತದೆ. ಒಂದು ಮೀನಿನ ಆಸೆಗೆ ಬೆಳೆಯ ನೀರನ್ನೇ ಕಳೆದುಕೊಂಡಂತಾಗುತ್ತದೆ. ಆದ್ದರಿಂದ ಹಾಳೆಯ ಹೊಂಡದಲ್ಲಿ ಸೀಸದ ಗುಂಡು ಕಟ್ಟಿ ತಳದಲ್ಲಿ ಬಿಡುವ ಪದ್ಧತಿ ಬೇಡ. ಮೂರು ಮುಳ್ಳಿನ ಕೊಕ್ಕೆಯಂತೂ ಬೇಡವೇ ಬೇಡ. ಒಂಟಿ ಸಣ್ಣ ಕೊಕ್ಕೆಗೆ ಬೆಂಡು ಕಟ್ಟಿ, ಕೊಕ್ಕೆ ತಳಕ್ಕಿಂತ ಎರಡು ಅಡಿಯಾದರೂ ಮೇಲೆ ನಿಲ್ಲುವಂತೆ ಮಾಡಬೇಕು. ಕಾಟ್ಲಾ ಮೇಲ್ಪದರದಲ್ಲೂ ರೋಹು ನಡುವೆಯೂ ಮೇಯುತ್ತವೆ. ಮೃಗಾಲ್ ಮತ್ತು ಗೆಂಡೆ ತಳದಲ್ಲಿ ಮೇಯುವುವಾದರೂ ಮೇವು ಹಾಕಿದ ವೇಳೆಯಲ್ಲಿ ಮೇಲಕ್ಕೂ ಬರುತ್ತವೆ. ಮೈದಾ ಅಥವಾ ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ ಗಟ್ಟಿಯಾಗಿ ಕಲಸಿದ ಉಂಡೆ ಉತ್ತಮ ಎರೆ.

ಗಾಳಕ್ಕೆ ಬೀಳುವುದು ಹೆಚ್ಚಾಗಿ ಹಸಿದ ಮೀನು. ಆದ್ದರಿಂದ ಗಾಳದಲ್ಲಿ ಸಿಕ್ಕ ನಾಲ್ಕು ಮೀನಿನ ತೂಕದಿಂದ ಇಡೀ ಹೊಂಡದ ಸರಾಸರಿಯನ್ನು ನಿರ್ಧರಿಸಬಾರದು. ಅದಕ್ಕೂ, ಕೊನೆಯ ಹಿಡುವಳಿಗೂ ಬಲೆಯೇ ಬೇಕು.

ಪ್ರಾಣಕ್ಕೆ ಎಚ್ಚರ

ಇಂಗಾಲದ ನಾರಿನ ಕೋಲು ವಿದ್ಯುತ್ತನ್ನು ಹರಿಸುತ್ತದೆ. ಒದ್ದೆಯಾದ ಬಿದಿರೂ ಅಪಾಯಕಾರಿ. ಹೊಂಡದ ಮೇಲೆ ಅಥವಾ ಪಕ್ಕದಲ್ಲಿ ಪಂಪ್‌ಸೆಟ್ಟಿನ ತಂತಿ ಹಾದುಹೋಗಿದ್ದರೆ ಅಲ್ಲಿ ಕೋಲನ್ನು ಎತ್ತಲೇಬಾರದು. ಮುಂಗಾರುಪೂರ್ವ ಮಳೆಯ ಗುಡುಗು ಕೇಳಿದ ಕೂಡಲೇ ದಡ ಬಿಟ್ಟು ಬರಬೇಕು. ಹಾಳೆ ಹೊದಿಸಿದ ಇಳಿಜಾರು ಪಾಚಿಯಿಂದ ಜಾರುತ್ತದೆ; ಒಮ್ಮೆ ಬಿದ್ದರೆ ಈಜು ಬಲ್ಲವರಿಗೂ ಹತ್ತಿಬರುವುದು ಕಷ್ಟ. ಹೊಂಡಕ್ಕೆ ಬೇಲಿ, ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟುಗಳುಳ್ಳ ಹಗ್ಗ, ಗಾಳಿ ತುಂಬಿದ ಹಳೆಯ ಟ್ಯೂಬು ಇವು ಮೂರೂ ಸಿದ್ಧವಾದ ಮೇಲೆಯೇ ಕೋಲಿನ ಮಾತು. ಮಕ್ಕಳನ್ನು ಒಂಟಿಯಾಗಿ ಬಿಡಬಾರದು.

ಎಲ್ಲಿ ಗಾಳ ಹಾಕಬಾರದು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆಯ ಕಾಲುವೆಗಳ ಕೊಳೆನೀರು ವೃಷಭಾವತಿಗೆ ಸೇರಿ, ಕೆಂಗೇರಿಯನ್ನು ದಾಟಿ ಬೈರಮಂಗಲದ ಜಲಾಶಯಕ್ಕೆ ಹೋಗುತ್ತದೆ. ಇದರಲ್ಲಿ ಕಾರ್ಖಾನೆಗಳ ತ್ಯಾಜ್ಯವೂ ಕೂಡಿದೆ. ಜಿಲೇಬಿ ಮೀನು, ಆಫ್ರಿಕದ ಕ್ಯಾಟ್‌ಫಿಶ್ ಮುಂತಾದವು ಆಮ್ಲಜನಕ ಕಡಿಮೆ ಇರುವ ನೀರಿನಲ್ಲೂ ಬದುಕುತ್ತವೆ. ಮೀನು ಇದೆ ಎಂದ ಮಾತ್ರಕ್ಕೆ ನೀರು ಶುದ್ಧವೆಂದು ತಿಳಿಯಬಾರದು. ಇಂತಹ ನೀರಿನ ಮೀನಿನ ಮಾಂಸದಲ್ಲಿ ಭಾರಲೋಹಗಳು ಸಂಗ್ರಹವಾಗುವ ಸಂಭವವಿದ್ದು, ಬೇಯಿಸಿದರೂ ಅವು ಹೋಗುವುದಿಲ್ಲ. ಅಲ್ಲಿಂದ ತಂದ ಕ್ಯಾಟ್‌ಫಿಶ್ಶನ್ನು ಸ್ವಂತ ಹೊಂಡಕ್ಕೆ ಬಿಟ್ಟರೆ ಅದು ಗೆಂಡೆ ಮರಿಗಳನ್ನು ತಿಂದುಹಾಕುತ್ತದೆ.

ಉಳಿದ ಕೆರೆಗಳೂ ಯಾರಿಗೂ ಸೇರದ ನೀರಲ್ಲ. ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಅಥವಾ ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಅವರು ಬಿಟ್ಟ ಮರಿಯನ್ನು ಅನುಮತಿಯಿಲ್ಲದೆ ಹಿಡಿಯುವುದು ಇನ್ನೊಬ್ಬರ ಹೊಲದ ರಾಗಿ ಕೊಯ್ದಂತೆ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು.

ಒಟ್ಟಿನಲ್ಲಿ, ಸಣ್ಣ ಹೊಂಡಕ್ಕೆ ಬಿದಿರು, ದೊಡ್ಡ ಕೆರೆಗೆ ಮಧ್ಯಮ ದರದ ರೀಲು ಎಂಬ ನಿಯಮವನ್ನು ಪಾಲಿಸಿದರೆ ಸಾಕು. ಕೋಲಿನಲ್ಲಿ ಉಳಿಸಿದ ಹಣವನ್ನು ಹೊಂಡದ ಬೇಲಿಗೆ, ಹಗ್ಗಕ್ಕೆ, ಒಳ್ಳೆಯ ಮರಿಗಳಿಗೆ ತೊಡಗಿಸುವುದರಿಂದ ರೈತರಿಗೆ ಹೆಚ್ಚಿನ ಪ್ರಯೋಜನವಾಗುತ್ತದೆ. ಹೊಂಡದಲ್ಲಿ ಮೀನು ಸಾಕುವ ಬಗ್ಗೆ ಹೆಚ್ಚಿನ ತಿಳಿವಳಿಕೆ ಬೇಕಾದವರು ಹೆಬ್ಬಾಳದಲ್ಲಿರುವ ಮೀನುಗಾರಿಕೆ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕೇಳಬಹುದು.